ಸ್ಟ್ರಾಟ್‌ಫರ್ಡ್‌ನ ಗೃಹಸ್ಥನೊಬ್ಬನ ಉಯಿಲು

ಕೇಳುಗರೆಲ್ಲರಿಗೂ ನಮಸ್ಕಾರ.

ಶೇಕ್ಸ್‌ಪಿಯರನ ಉಯಿಲು ಎಂದೊಡನೆ ಕಾಲೇಜಿನ ವಿದ್ಯಾರ್ಥಿಗಳಿಂದ ನಿವೃತ್ತ ಪ್ರಾಧ್ಯಾಪಕರವರೆಗೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಹೆಂಡತಿಗೆ ಮನೆಯ ಎರಡನೆಯ ದರ್ಜೆಯ ಮಂಚವನ್ನಷ್ಟೇ ಬಿಟ್ಟುಹೋದನಂತೆ, ನಿಜವೇ? ಉಯಿಲಿನಲ್ಲಿ ಹಾಗೆಯೇ ಇದೆ. ಆದರೆ ದಯಮಾಡಿ ಆ ಮಂಚವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿಡಿ. ಆ ಕಾಲದ ಇಂಗ್ಲೆಂಡಿನಲ್ಲಿ ಗೃಹಸ್ಥನೊಬ್ಬ ಉಯಿಲು ಬರೆಸುತ್ತಿದ್ದುದು ಆಸ್ತಿ ಚೂರಾಗದಂತೆ ಕಾಯುವುದಕ್ಕೆ. ಆದ್ದರಿಂದ ಮನೆ, ಜಮೀನು ಯಾರಿಗೆ ಹೋದವು ಎಂಬುದನ್ನು ಮೊದಲು ನೋಡಬೇಕು.

ಅವು ಹಿರಿಯ ಮಗಳು ಸೂಸನ್ನಾಳಿಗೆ ಹೋದವು. ಅವನ ಊರಾದ ಸ್ಟ್ರಾಟ್‌ಫರ್ಡ್‌ನಲ್ಲಿದ್ದ ನ್ಯೂ ಪ್ಲೇಸ್ ಎಂಬ ದೊಡ್ಡ ಮನೆ, ಅಲ್ಲಿಯದೇ ಹೆನ್ಲಿ ಬೀದಿಯ ಮನೆಗಳು, ಲಂಡನ್ನಿನ ಬ್ಲ್ಯಾಕ್‌ಫ್ರೈಯರ್ಸ್‌ನಲ್ಲಿದ್ದ ಮನೆ, ಎಲ್ಲವೂ ಅವಳ ಜೀವಿತಕಾಲಕ್ಕೆ; ಅನಂತರ ಅವಳ ಮೊದಲನೆಯ ಮಗನಿಗೆ, ಅವನ ಗಂಡು ಸಂತಾನಕ್ಕೆ, ಅದಿಲ್ಲದಿದ್ದರೆ ಎರಡನೆಯ ಮಗನಿಗೆ, ಹೀಗೆ ಏಳನೆಯ ಮಗನವರೆಗೆ. ಸೂಸನ್ನಾಳಿಗೆ ಆಗ ಇದ್ದದ್ದು ಎಲಿಜಬೆತ್ ಎಂಬ ಒಬ್ಬಳೇ ಮಗಳು! ತನ್ನ ಒಬ್ಬನೇ ಮಗ ಹ್ಯಾಮ್ನೆಟ್‌ನನ್ನು 1596ರಲ್ಲಿ ಕಳೆದುಕೊಂಡಿದ್ದ ತಂದೆ, ಇನ್ನೂ ಹುಟ್ಟದ ಏಳು ಮೊಮ್ಮಕ್ಕಳನ್ನು ಎಣಿಸಿ ಆಸ್ತಿಯನ್ನು ಇಡಿಯಾಗಿ ಉಳಿಸಲು ನೋಡುತ್ತಿದ್ದಾನೆ.

ಇನ್ನು ಕಿರಿಯ ಮಗಳು ಜೂಡಿತ್. ಈ ಕಥೆಯನ್ನು ನಾನು ಹೇಳದೆ ಬಿಡಲಾರೆ. ಉಯಿಲಿನಲ್ಲಿ ಮೊದಲು ಜನವರಿ ಎಂದಿದ್ದುದನ್ನು ಹೊಡೆದು ಮಾರ್ಚ್ ಎಂದು ತಿದ್ದಲಾಗಿದೆ. ಈ ಎರಡು ತಿಂಗಳ ನಡುವೆ, 1616ರ ಫೆಬ್ರವರಿ 10ರಂದು, ಜೂಡಿತ್ ಥಾಮಸ್ ಕ್ವಿನಿ ಎಂಬವನನ್ನು ಮದುವೆಯಾದಳು. ಮದುವೆ ನಡೆದದ್ದು ಈಸ್ಟರ್ ಹಬ್ಬಕ್ಕೆ ಮುಂಚೆ ಚರ್ಚು ಮದುವೆಗಳನ್ನು ನಿಷೇಧಿಸಿದ್ದ ಕಾಲದಲ್ಲಿ, ಅದಕ್ಕೆ ಬೇಕಾದ ವಿಶೇಷ ಅನುಮತಿಯನ್ನೂ ಪಡೆದಿರಲಿಲ್ಲ. ಅದು ಹೋಗಲಿ, ಮಾರ್ಗರೆಟ್ ವೀಲರ್ ಎಂಬ ಹೆಂಗಸು ಈ ಅಳಿಯನಿಂದ ಗರ್ಭಿಣಿಯಾಗಿದ್ದಳು. ಮಾರ್ಚ್ ನಡುವಿನಲ್ಲಿ ತಾಯಿಯನ್ನೂ ಮಗುವನ್ನೂ ಒಟ್ಟಿಗೆ ಮಣ್ಣು ಮಾಡಿದರು. ಮಾರ್ಚ್ 26ರಂದು ಕ್ವಿನಿ ಚರ್ಚಿನ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ. ಬಿಳಿಯ ಬಟ್ಟೆ ಹೊದ್ದು ಮೂರು ಭಾನುವಾರ ಸಭೆಯೆದುರು ನಿಲ್ಲಬೇಕೆಂಬ ಶಿಕ್ಷೆ, ಬಡವರಿಗೆ ಐದು ಶಿಲಿಂಗ್ ಕೊಡುವುದರಲ್ಲಿ ಮುಗಿಯಿತು.

ಉಯಿಲಿನ ದಿನಾಂಕ ಯಾವುದು ಗೊತ್ತೇ? ಮಾರ್ಚ್ 25, ವಿಚಾರಣೆಯ ಹಿಂದಿನ ದಿನ. ಅದರಲ್ಲಿ 'ನನ್ನ ಅಳಿಯನಿಗೆ' ಎಂದು ಆರಂಭಿಸಿದ್ದನ್ನು ಹೊಡೆದುಹಾಕಿ ಜೂಡಿತಳ ಹೆಸರನ್ನು ಬರೆಸಲಾಗಿದೆ. ಅವಳಿಗೆ ಮದುವೆಯ ಬಾಬ್ತು 100 ಪೌಂಡ್; ಒಂದು ಸಣ್ಣ ಮನೆಯ ಮೇಲಿನ ಹಕ್ಕನ್ನು ಅಕ್ಕನಿಗೆ ಬಿಟ್ಟುಕೊಟ್ಟರೆ ಇನ್ನೂ 50. ಮೂರು ವರ್ಷದ ಬಳಿಕ ಅವಳಾಗಲಿ ಮಕ್ಕಳಾಗಲಿ ಬದುಕಿದ್ದರೆ ಮತ್ತೆ 150. ಆದರೆ ಗಂಡನಿರುವಷ್ಟು ಕಾಲ ಅವಳ ಕೈಗೆ ಬಡ್ಡಿ ಮಾತ್ರ. ಅಷ್ಟೇ ಬೆಲೆಯ ಜಮೀನನ್ನು ಅವಳ ಮತ್ತು ಮಕ್ಕಳ ಹೆಸರಿಗೆ ಗಂಡ ಮಾಡಿಸಿದರೆ ಅಸಲು ಅವನಿಗೆ ಸಿಗಬಹುದು. ಅಳಿಯನ ಮೇಲೆ ಮಾವನಿಗೆ ನಂಬಿಕೆ ಹೋಗಿತ್ತೆಂಬುದರಲ್ಲಿ ನನಗಂತೂ ಸಂದೇಹವಿಲ್ಲ.

ವೇಳೆ ಕಡಿಮೆ ಉಳಿದಿದೆ, ಮಿಕ್ಕದ್ದನ್ನು ಬೇಗ ಹೇಳುತ್ತೇನೆ. ಊರ ಬಡವರಿಗೆ 10 ಪೌಂಡ್. ಕತ್ತಿ ಥಾಮಸ್ ಕೂಂಬ್‌ಗೆ. ಬರ್ಬೇಜ್, ಹೆಮಿಂಗ್ಸ್, ಕಾಂಡೆಲ್ ಎಂಬ ಮೂವರು ರಂಗಸಂಗಾತಿಗಳಿಗೆ ನೆನಪಿನ ಉಂಗುರಕ್ಕೆಂದು ತಲಾ 26 ಶಿಲಿಂಗ್ 8 ಪೆನ್ನಿ. ಹೆಂಡತಿ ಆ್ಯನ್‌ಳ ಮಂಚ ಸಾಲುಗಳ ನಡುವೆ ಆಮೇಲೆ ಸೇರಿಸಿದ್ದು. ಗಂಡನ ಜಮೀನಿನ ಮೂರನೆಯ ಒಂದು ಭಾಗವನ್ನು ವಿಧವೆ ಬದುಕಿರುವವರೆಗೆ ಅನುಭವಿಸುವ ಹಕ್ಕು ಅಂದಿನ ಸಾಮಾನ್ಯ ಕಾನೂನಿನಲ್ಲೇ ಇತ್ತು. ಅದನ್ನು ಉಯಿಲಿನಲ್ಲಿ ಬರೆಯಬೇಕಾಗಿರಲಿಲ್ಲ. ಮಂಚ ಹಿಡಿದು ಅಳುವವರು ಇದನ್ನು ಒಮ್ಮೆ ಓದಿಕೊಳ್ಳಲಿ.

ತಂಗಿ ಜೋನ್‌ಳಿಗೆ 20 ಪೌಂಡ್, ಅಣ್ಣನ ಉಡುಪುಗಳು, ವರ್ಷಕ್ಕೆ 12 ಪೆನ್ನಿ ಬಾಡಿಗೆಗೆ ಬದುಕಿರುವವರೆಗೆ ಹೆನ್ಲಿ ಬೀದಿಯ ಮನೆ. ಏಪ್ರಿಲ್ 23ರಂದು ಅಣ್ಣ ತೀರಿಕೊಂಡ. ಸೂಸನ್ನಾಳಿಗೆ ಗಂಡುಮಕ್ಕಳಾಗಲಿಲ್ಲ, ಜೂಡಿತಳ ಮೂವರು ಗಂಡುಮಕ್ಕಳೂ ತಾಯಿಗಿಂತ ಮೊದಲೇ ಹೋದರು. 1670ರಲ್ಲಿ ಎಲಿಜಬೆತ್ ಮಕ್ಕಳಿಲ್ಲದೆ ತೀರಿಕೊಂಡಾಗ ಶೇಕ್ಸ್‌ಪಿಯರನ ನೇರ ವಂಶ ನಿಂತಿತು. ಹೆನ್ಲಿ ಬೀದಿಯ ಮನೆಗಳು, ಅವಳದೇ ಉಯಿಲಿನ ಪ್ರಕಾರ, ಜೋನ್‌ಳ ವಂಶದವರ ಪಾಲಾದವು.