ಒಂದೇ ಸ್ಲೈಡರ್, ಕಲಬುರಗಿಯ ವರ್ಷವಿಡೀ ಬಿಸಿಲು

[ಸ್ಕ್ರೀನ್: ಜಿಯೋಜೀಬ್ರಾ. ಮೂರು ಸ್ಲೈಡರ್: ಹಗಲಿನ ಉದ್ದ, ಮಧ್ಯಾಹ್ನದ ಸೂರ್ಯನ ಎತ್ತರ, ಕಂಬದ ನೆರಳು]

ನಮಸ್ಕಾರ. ಕಲಬುರಗಿಯ ಬಿಸಿಲನ್ನು ತೋರಿಸೋ ಗ್ರಾಫ್ ಇದು, ಜಿಯೋಜೀಬ್ರಾ ಅನ್ನೋ ಗಣಿತದ ಸಾಫ್ಟ್‌ವೇರ್‌ನಲ್ಲಿ ಮಾಡಿದ್ದು. ಸ್ಲೈಡರ್ ಅಂದ್ರೆ ಎಳೆದು ಬೆಲೆ ಬದಲಿಸೋ ಗುಂಡಿ. ಹಗಲನ್ನು 13 ಗಂಟೆಗೆ ಎಳೆಯುತ್ತೇನೆ. ಅಂದ್ರೆ ಜೂನ್. ಈಗ ನೆರಳನ್ನು ಡಿಸೆಂಬರ್‌ನಷ್ಟು ಉದ್ದ ಮಾಡುತ್ತೇನೆ. ನೋಡ್ರಿ, ಗ್ರಾಫ್ ಏನೂ ತಕರಾರು ಮಾಡಲಿಲ್ಲ! ಆದರೆ ಅಂಥ ದಿನ ನಮ್ಮೂರಲ್ಲಿ ಬರೋದೇ ಇಲ್ಲ. ಮಕ್ಕಳ ಕೈಗೆ ಇದನ್ನು ಕೊಟ್ಟರೆ ಇಲ್ಲದ ದಿನವನ್ನೇ ನಿಜ ಅಂದುಕೊಳ್ಳುತ್ತಾರೆ.

ಮೂರೂ ಬದಲಾಗೋದು ಒಂದೇ ಕಾರಣಕ್ಕೆ, ತಾರೀಕು. ಹಾಗಾದರೆ ಸ್ಲೈಡರ್ ಇರಬೇಕಾದ್ದು ತಾರೀಕಿಗೆ ಮಾತ್ರ, ಅಲ್ವಾ?

[ಸ್ಕ್ರೀನ್: ಮೂರನ್ನೂ ಅಳಿಸಿ ಹೊಸ ಸ್ಲೈಡರ್]

ಹೆಸರು ಎನ್, ಅಂದ್ರೆ ವರ್ಷದ ಎಷ್ಟನೇ ದಿನ ಅನ್ನೋದು. 1ರಿಂದ 365, ಹೆಜ್ಜೆ 1. ಕಲಬುರಗಿಯ ಅಕ್ಷಾಂಶ ಎಫ್ = 17.33°. ಮುಂದಿನದು ಮುಖ್ಯ:

ಡಿ = 23.44° × ಸೈನ್(360° × (284 + ಎನ್) ÷ 365)

ಆ ದಿನ ಸೂರ್ಯ ಸಮಭಾಜಕದಿಂದ ಎಷ್ಟು ಡಿಗ್ರಿ ಉತ್ತರಕ್ಕೋ ದಕ್ಷಿಣಕ್ಕೋ ಇದ್ದಾನೆ ಅನ್ನೋದು ಡಿ. ಡಿಗ್ರಿ ಗುರುತು ಬಿಡಬೇಡಿ. ಬಿಟ್ಟರೆ ಜಿಯೋಜೀಬ್ರಾ ಅದನ್ನು ರೇಡಿಯನ್ (ಕೋನದ ಇನ್ನೊಂದು ಅಳತೆ) ಅಂತ ಹಿಡಿಯುತ್ತೆ, ಉತ್ತರ ಎಲ್ಲೋ ಹೋಗುತ್ತೆ.

ಉಳಿದವು ಡಿ ಹಿಂದೆಯೇ ಬರುತ್ತವೆ:

ಎತ್ತರ = 90° ಕಳೆ |ಎಫ್ − ಡಿ|
1 ಮೀಟರ್ ಕಂಬದ ಮಧ್ಯಾಹ್ನದ ನೆರಳು = ಟ್ಯಾನ್(ಎಫ್ − ಡಿ)
ಹಗಲು = (24 ÷ ಪೈ) × ಆರ್ಕ್‌ಕಾಸ್(−ಟ್ಯಾನ್(ಎಫ್) × ಟ್ಯಾನ್(ಡಿ))

[ಸ್ಕ್ರೀನ್: ಕಂಬ, ನೆರಳು. ಬಲಕ್ಕೆ ಉತ್ತರ. ಎನ್ ನಿಧಾನವಾಗಿ ಜರುಗುತ್ತದೆ]

ಈಗ ಎಳೆಯೋಣ. ಡಿಸೆಂಬರ್ 21, ಎನ್ 355. ನೆರಳು 86 ಸೆಂಟಿಮೀಟರ್, ಹಗಲು ಸುಮಾರು 11 ಗಂಟೆ. ಮತ್ತೆ ಜನವರಿಯಿಂದ ಮುಂದಕ್ಕೆ ಬನ್ನಿ. ನೆರಳು ಕುಗ್ಗುತ್ತಾ, ಹಗಲು ಬೆಳೆಯುತ್ತಾ ಹೋಗುತ್ತೆ. 129ಕ್ಕೆ ನಿಲ್ಲಿಸಿ. ಮೇ 9. ನೆರಳು ಕಂಬದ ಬುಡಕ್ಕೇ ಸೇರಿತು! ಅವತ್ತು ಗಡಿಯಾರದಲ್ಲಿ ಸುಮಾರು 12.20ಕ್ಕೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ಇನ್ನೂ ಮುಂದೆ ಎಳೆದರೆ ನೆರಳು ಎಡಕ್ಕೆ ತಿರುಗುತ್ತೆ. ಅಂದ್ರೆ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತೆ. ಜೂನ್ 21ಕ್ಕೆ 11 ಸೆಂಟಿಮೀಟರ್‌ನಷ್ಟು. ಆಗಸ್ಟ್ 3ರ ಹೊತ್ತಿಗೆ ಮತ್ತೆ ಸೊನ್ನೆ, ಆಮೇಲೆ ಉತ್ತರಕ್ಕೆ. ನೆರಳಿನ ಸೂತ್ರದಲ್ಲಿ | | ಗೆರೆ ಹಾಕದೆ ನಾನು ಬೇಕಂತಲೇ ಮೈನಸ್ ಉಳಿಸಿದ್ದು ಇದಕ್ಕೇ. ಈ ತಿರುವು ಮೂರು ಸ್ಲೈಡರ್ ಇದ್ದಾಗ ಕಣ್ಣಿಗೇ ಬೀಳುತ್ತಿರಲಿಲ್ಲ.

ಎಲ್ಲದಕ್ಕೂ ಹೀಗೆ ಸೂತ್ರ ಸಿಗಲ್ಲ. ಒಂದು ಅಲೆಯ ಎತ್ತರ 2ರಿಂದ 5, ಆವರ್ತನ 10ರಿಂದ 1000, ಎರಡೂ ಒಟ್ಟಿಗೆ ಬದಲಾಗಬೇಕು ಅಂತಿಟ್ಟುಕೊಳ್ಳಿ. ಟಿ ಅನ್ನೋ ಸ್ಲೈಡರ್ ಮಾಡಿ, 0ಯಿಂದ 1. ಎತ್ತರ = 2 + 3 × ಟಿ. ಆವರ್ತನಕ್ಕೆ ಹೀಗೇ ಕೂಡುತ್ತಾ ಹೋದರೆ ಅರ್ಧ ದಾರಿಗೇ 505 ಆಗಿ, ಸಣ್ಣ ಬೆಲೆಗಳೆಲ್ಲ ಮೂಲೆ ಸೇರುತ್ತವೆ. ಅದಕ್ಕೆ 10 × 100ರ ಟಿ ಘಾತ ಅಂತ ಬರೆಯಿರಿ. ಅರ್ಧಕ್ಕೆ ಸರಿಯಾಗಿ 100 ಬರುತ್ತೆ.

ಹಾಗಂತ ಎಲ್ಲವನ್ನೂ ಒಂದಕ್ಕೇ ಕಟ್ಟಬೇಡಿ. ಅಕ್ಷಾಂಶಕ್ಕೂ ತಾರೀಕಿಗೂ ಸಂಬಂಧವೇ ಇಲ್ಲ. ಎಫ್‌ಗೆ ಬೇರೆ ಸ್ಲೈಡರ್ ಕೊಡಿ.

[ಸ್ಕ್ರೀನ್: ಎಫ್ ಸ್ಲೈಡರ್, 16.77°ಯಿಂದ 17.91°]

ಒಂದು ತುದಿ ಯಾದಗಿರಿ, ಇನ್ನೊಂದು ಬೀದರ್. ಯಾದಗಿರಿಯಲ್ಲಿ ನೆರಳು ಮಾಯವಾಗೋದು ಮೇ 7ರ ಆಸುಪಾಸು, ಬೀದರ್‌ನಲ್ಲಿ ಮೇ 11ರ ಆಸುಪಾಸು. ನಿಮ್ಮೂರಿನ ಅಕ್ಷಾಂಶ ಹಾಕಿ, ಯಾವ ದಿನ ಬರುತ್ತೆ ಅಂತ ಕಾಮೆಂಟ್‌ನಲ್ಲಿ ಬರೆಯಿರಿ.