ಹುಬ್ಬಳ್ಳಿ ಆಟೋಕ್ಕೂ ಕತಾರದ ಹಡಗಕ್ಕೂ ಏನ್ ಸಂಬಂಧ? ಎಲ್‌ಎನ್‌ಜಿ ಕಥಿ

[ದೃಶ್ಯ: ಬೆಳಿಗ್ಗೆ ಆರೂವರೆ. ಹುಬ್ಬಳ್ಳಿಯ ಒಂದು ಸಿಎನ್‌ಜಿ ಬಂಕ್. ಆಟೋಗಳ ಸಾಲು. ಕ್ಯಾಮೆರಾ ನಿಧಾನಕ್ಕೆ ದರದ ಫಲಕದ ಕಡೆ ಹೋಗುತ್ತದೆ.]

ನಮಸ್ಕಾರ್ರೀ. ಹೋದ ವಾರ ಇಂಥಾದ ಪಾಳಿಯೊಳಗ ನಿಂತಾಗ ಒಬ್ಬ ಆಟೋ ಕಾಕಾ ನನ್ನ ಹಿಡದ ಕೇಳಿದ್ರು. "ತಮ್ಮಾ, ನೀ ಎಲ್ಲಾದರ ಮ್ಯಾಲೆ ವಿಡಿಯೋ ಮಾಡ್ತಿ. ಇದೊಂದು ಹೇಳು. ರಷ್ಯಾದವ್ರು ಅಲ್ಲೆ ಬಡಿದಾಡಿದ್ರ ಇಲ್ಲೆ ನನ್ನ ಆಟೋದ ಗ್ಯಾಸ್ ಯಾಕ ತುಟ್ಟಿ ಆಗಬೇಕು? ನಮ್ಮ ಗ್ಯಾಸ್ ಪೈಪಿನ್ಯಾಗ ಬರತೈತಿ ಅಂತಾರಲ್ಲ?"

ಪೈಪಿನ್ಯಾಗ ಬರೂದು ಖರೇನ. ಆದ್ರ ಆ ಪೈಪಿನ ಇನ್ನೊಂದು ತುದಿ ಎಲ್ಲೈತಿ?

[ದೃಶ್ಯ: ನಕಾಶೆ. ಕೊಂಕಣ ಕರಾವಳಿಯಿಂದ ಒಂದು ಕೆಂಪು ಗೆರೆ ಘಟ್ಟ ಹತ್ತಿ ಬರುತ್ತದೆ.]

ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ದಾಭೋಳ. ಅಲ್ಲಿಂದ ಬೆಂಗಳೂರಿನ ತನಕ ಗೇಲ್ ಕಂಪನಿ ಸುಮಾರು 1,000 ಕಿ.ಮೀ. ಪೈಪ್‌ಲೈನ್ ಹಾಕೈತಿ. 2013ರಾಗ ಚಾಲೂ ಆತು. ಬೆಳಗಾವಿ, ಧಾರವಾಡ, ಗದಗ ಜಿಲ್ಲೆ ದಾಟಿ ಹೋಗತೈತಿ. ನಿಮ್ಮ ಹೊಲದ ಬಾಜೂಕ "ಇಲ್ಲಿ ಅಗೆಯಬಾರದು" ಅನ್ನೋ ಫಲಕ ನೋಡಿದ್ರ, ಕೆಳಗ ಇದಾ ಇರಬಹುದು.

ದಾಭೋಳ ಅಂದ ಕೂಡ್ಲೆ ಹಿರೇರಿಗೆ ಇನ್ನೊಂದು ಹೆಸರು ನೆನಪಾಗತೈತಿ, ಎನ್ರಾನ್. ಹೌದು, ಅದಾ ಜಾಗಾ. 2001ರಾಗ ಆ ಅಮೆರಿಕದ ಕಂಪನಿ ದಿವಾಳಿ ಆದ ಮ್ಯಾಲೆ ಗ್ಯಾಸ್ ಇಳಸೂ ಬಂದರು ಅರ್ಧಕ್ಕ ನಿಂತಿತ್ತು. ಮುಂದ ಸರಕಾರಿ ಕಂಪನಿಗಳು ಎತ್ತಿ ನಿಲ್ಲಿಸಿದ್ರು. ಆದ್ರೂ ತೆರಿ ತಡಿಯೂ ಗ್ವಾಡಿ ಪೂರ್ತಿ ಆಗಿರಲಿಲ್ಲ. ಹಿಂಗಾಗಿ ಎಷ್ಟೋ ವರ್ಷ ಮುಂಗಾರು ಶುರು ಆತಂದ್ರ ಅಲ್ಲಿಗೆ ಹಡಗ ಬರೂದು ಬಂದ್. ಆವಾಗ ಗುಜರಾತಿನ ಕಡೆಯಿಂದ ಪೈಪಿನ್ಯಾಗ ಗ್ಯಾಸ್ ತಂದು ನಡಸೂದು. ನಾವು ಮಳಿಗಾಲ ಅಂದ್ರ ಬಿತ್ತಿಗಿ ಅಂತ ತಿಳಕೊಂಡೀವಿ. ಆ ಬಂದರಿಗೆ ಅದು ರಜಾ.

ಹಡಗಿನ್ಯಾಗ ಬರೂದು ಏನು? ಅದಾ ಎಲ್‌ಎನ್‌ಜಿ. ದ್ರವ ಮಾಡಿದ ನೈಸರ್ಗಿಕ ಅನಿಲ.

[ದೃಶ್ಯ: ಮೇಜಿನ ಮೇಲೆ ಒಂದು ಹಿಡಿ ಅರಳಿ, ಪಕ್ಕದಲ್ಲಿ ಹತ್ತಿ ಅಂಡಿಗಿಯ ಚಿತ್ರ.]

ಇಲ್ಲೆ ಒಂದ ಗೊಂದಲ ಬಗಿಹರಿಸೋಣ. ಅಡಗಿ ಮನಿ ಸಿಲಿಂಡರಿನ್ಯಾಗ ಇರೂದು ಎಲ್‌ಪಿಜಿ. ಅದು ಪ್ರೊಪೇನ್, ಬ್ಯೂಟೇನ್. ಅದರ ಜಾತಿನ ಬ್ಯಾರೆ. ಆಟೋದಾಗಿನ ಸಿಎನ್‌ಜಿ, ಮನಿಗೆ ಪೈಪಿನ್ಯಾಗ ಬರೋ ಪಿಎನ್‌ಜಿ, ಹಡಗಿನ್ಯಾಗಿನ ಎಲ್‌ಎನ್‌ಜಿ, ಈ ಮೂರೂ ಬಹುಪಾಲು ಮೀಥೇನ್. ನಿಮ್ಮ ಊರಾಗಿನ ಗೋಬರ್ ಗ್ಯಾಸಿನ್ಯಾಗ ಉರಿಯೂದೂ ಅದಾ ಮೀಥೇನ್. ವೇಷ ಅಷ್ಟ ಬ್ಯಾರೆ.

ಹತ್ತಿ ಬಿಡಿಸಿ ಹಂಗ ಚಕ್ಕಡಿ ತುಂಬಿದ್ರ ಎಷ್ಟ ಹಿಡಿಸ್ತೈತಿ? ಗದಗಿನ ಪ್ರೆಸ್ಸಿನ್ಯಾಗ ಒತ್ತಿ ಅಂಡಿಗಿ ಕಟ್ಟಿದ್ರ ಲಾರಿಗಟ್ಟಲೆ ಮಾಲು ಹೊಕ್ಕೈತಿ. ಸಿಎನ್‌ಜಿ ಹಂಗ, ಒತ್ತಿ ಒತ್ತಿ ತುಂಬಿದ್ದು. ಎಲ್‌ಎನ್‌ಜಿದಾಗ ಒತ್ತೂದು ಮುಖ್ಯ ಅಲ್ಲ. ಅದನ್ನ ತಂಪು ಮಾಡ್ತಾರ. ಎಷ್ಟ ತಂಪು? ಸೊನ್ನೆಗಿಂತ 162 ಡಿಗ್ರಿ ಕೆಳಗ. ಧಾರವಾಡದ ಡಿಸೆಂಬರ್ ಚಳಿಗೇ ಕಂಬಳಿ ಹುಡಕೂ ನಮಗ ಆ ಲೆಕ್ಕ ತಲಿಗೆ ಹೋಗೂದಿಲ್ಲ ಬಿಡ್ರಿ. ಅಷ್ಟ ತಂಪಾದಾಗ ಗ್ಯಾಸ್ ನೀರಿನಂಗ ಆಗಿ, 600 ಲೀಟರ್ ಜಾಗಾ ಹಿಡಿಯೂದು 1 ಲೀಟರಿನ್ಯಾಗ ಕೂಡತೈತಿ. ಅದನ್ನ ಹಡಗಿಗೆ ತುಂಬಿ, ಈ ಕಡೆ ಬಂದರಿನ್ಯಾಗ ಇಳಿಸಿ, ಬೆಚ್ಚಗ ಮಾಡಿ ಮತ್ತ ಗ್ಯಾಸ್ ಮಾಡಿ ಪೈಪಿಗೆ ಬಿಡ್ತಾರ.

ಹೇಳೂದು ಸರಳ. ಮಾಡೂದು ರೊಕ್ಕದ ಕೆಲಸ. ತಂಪು ಮಾಡೂದರಾಗನ ನೂರಕ್ಕ ಎಂಟ್ಹತ್ತು ಪಾಲು ಗ್ಯಾಸ್ ಖರ್ಚ ಆಗತೈತಿ. ಒಂದೊಂದು ಹಡಗಿಗೆ 20 ಕೋಟಿ ಡಾಲರಿಗಿಂತ ಹೆಚ್ಚು ಬೀಳತೈತಿ. ಬಹುಪಾಲು ಹಡಗ ಕಟ್ಟವ್ರು ದಕ್ಷಿಣ ಕೊರಿಯಾದವ್ರು. ಇನ್ನೊಂದು ಮಜಾ ಅಂದ್ರ, ಎಷ್ಟ ಬಿಗಿ ಮುಚ್ಚಿದ್ರೂ ದಿನಾ ಒಂಚೂರು ಗ್ಯಾಸ್ ಕುದ್ದು ಮ್ಯಾಲೆ ಬರತೈತಿ. ಅದನ್ನ ಒಗಿಯೂದಿಲ್ಲ, ಹಡಗಿನ ಎಂಜಿನ್ನಿಗೆ ಹಾಕ್ತಾರ. ಹಾಲು ಒಯ್ಯೂ ಗಾಡಿ ಅದಾ ಹಾಲು ಕುಡಕೋತ ಹೋದಂಗ.

[ದೃಶ್ಯ: ಕಪ್ಪು-ಬಿಳುಪು ಹಡಗಿನ ರೇಖಾಚಿತ್ರ.]

ಮೊದಲನೇ ಪ್ರಯೋಗ 1959ರಾಗ. ಮೀಥೇನ್ ಪಯೋನಿಯರ್ ಅಂತ ಒಂದ ಹಳೇ ಸರಕಿನ ಹಡಗ ಅಮೆರಿಕದ ಲೂಸಿಯಾನಾದಿಂದ ಇಂಗ್ಲೆಂಡಿಗೆ ಗ್ಯಾಸ್ ಒಯ್ತು. 1964ರಾಗ ಅಲ್ಜೀರಿಯಾದಿಂದ ಖರೇ ವ್ಯಾಪಾರ ಶುರು ಆತು. ಅಲ್ಲಿಂದ ನಲವತ್ತು ವರ್ಷದ ಮ್ಯಾಲೆ ನಮ್ಮ ಪಾಳಿ. 2004ರಾಗ ಗುಜರಾತಿನ ದಹೇಜಕ್ಕ ಕತಾರಿನ ಹಡಗ ಬಂತು, ಪೆಟ್ರೋನೆಟ್ ಕಂಪನಿ ಸಲುವಾಗಿ.

ಆವಾಗಿನ ವ್ಯಾಪಾರ ಹೆಂಗಿತ್ತಂದ್ರ ಮದವಿ ಇದ್ದಂಗ. ಇಪ್ಪತ್ತು, ಇಪ್ಪತ್ತೈದು ವರ್ಷದ ಒಪ್ಪಂದ. ಹಡಗ ಎಲ್ಲಿಂದ ಬರಬೇಕು, ಎಲ್ಲಿಗೆ ಹೋಗಬೇಕು, ಎಲ್ಲಾ ಮೊದಲನ ಬರದಿಟ್ಟಿದ್ದು. ದರ ಕಚ್ಚಾ ತೈಲಕ್ಕ ಕಟ್ಟಿದ್ದು. ತೈಲ ಬ್ಯಾರಲ್ಲಿಗೆ 70 ಡಾಲರ್ ಇದ್ದು ಒಪ್ಪಂದದಾಗ ಶೇ. 12 ಅಂತ ಬರದಿದ್ರ ಗ್ಯಾಸಿಗೆ 8 ಡಾಲರ್ 40 ಸೆಂಟ್ (ಯಾವ ಅಳತಿಗೆ ಅಂತ ಮುಂದ ಹೇಳ್ತೀನಿ). ಮ್ಯಾಲೆ ಒಂದಿಷ್ಟು ಸಾಗಾಣಿಕಿ. ಮುಗೀತು.

ಇದು ಬದಲಾಗಿದ್ದು ಅಮೆರಿಕದಿಂದ. 2016ರ ಫೆಬ್ರುವರಿಯಾಗ ಸಬೀನ್ ಪಾಸ್ ಬಂದರಿನಿಂದ ಮೊದಲನೇ ಹಡಗ ಹೊಂಟಿತು. 2023ಕ್ಕ ಕತಾರ್, ಆಸ್ಟ್ರೇಲಿಯಾ ಎರಡನ್ನೂ ಹಿಂದ ಹಾಕಿ ಜಗತ್ತಿನ್ಯಾಗ ಎಲ್ಲಾರಕಿಂತ ಹೆಚ್ಚು ಎಲ್‌ಎನ್‌ಜಿ ಮಾರೋ ದೇಶ ಆತು. ಏಳ ವರ್ಷದಾಗ! ಅವರ ಒಪ್ಪಂದದ ಕರಾರು ಬ್ಯಾರೆ. ಹಡಗ ಎಲ್ಲಿಗೆ ಬೇಕಾದ್ರೂ ಒಯ್ಯಬಹುದು. ಬ್ಯಾಡ ಅನಿಸಿದ್ರ ಶುಲ್ಕ ಕಟ್ಟಿ ಮಾಲು ಬಿಡಬಹುದು. ಕೊರೊನಾ ಟೈಮಿನ್ಯಾಗ, 2020ರ ಬ್ಯಾಸಗಿ ಮಳಿಗಾಲದಾಗ, ಹಿಂಗ ನೂರಕ್ಕಿಂತ ಹೆಚ್ಚು ಹಡಗಿನ ಮಾಲು ರದ್ದಾತು. ಆವಾಗ ಏಷ್ಯಾದ ಸ್ಪಾಟ್ ದರ 2 ಡಾಲರಿಗಿಂತ ಕೆಳಗ ಬಿದ್ದಿತ್ತು.

[ದೃಶ್ಯ: ಬ್ಯಾಡಗಿ ಎಪಿಎಂಸಿ. ಕೆಂಪು ಮೆಣಸಿನಕಾಯಿ ಚೀಲಗಳ ಸಾಲು.]

ಸ್ಪಾಟ್ ಅಂದ್ರ ಏನು ಅಂತ ಹಾವೇರಿ ಜಿಲ್ಲೆಯವರಿಗೆ ನಾ ಹೇಳಬೇಕಾಗಿಲ್ಲ. ಬ್ಯಾಡಗಿ ಮಾರ್ಕೆಟ್ ನೋಡೀರಲ್ಲ? ಚೀಲ ಇಟ್ಟಾಗ ಆ ದಿನದ ಟೆಂಡರಿನ್ಯಾಗ ಯಾರು ಹೆಚ್ಚು ಬರೀತಾರ ಅವರದ ಮಾಲು. ನಿನ್ನೆಯ ದರ ಇವತ್ತಿಗಿಲ್ಲ. ಎಲ್‌ಎನ್‌ಜಿನೂ ಒಂದ ಪಾಲು ಹಂಗ ಆಗೈತಿ. ಫರಕ್ ಇಷ್ಟ: ಇಲ್ಲೆ ಚೀಲ ಹಡಗಿನ ಮ್ಯಾಲೆ ಅದಾವ, ನಡು ಸಮುದ್ರದಾಗ ದಿಕ್ಕು ಬದಲಸ್ತಾವ.

ಕಾಕಾರ ಪ್ರಶ್ನೆಗೆ ಈಗ ಬಂದೆ. 2022ರ ಫೆಬ್ರುವರಿಯಾಗ ರಷ್ಯಾ ಉಕ್ರೇನಿನ ಮ್ಯಾಲೆ ಬಿತ್ತು. ಯುರೋಪಿಗೆ ರಷ್ಯಾದಿಂದ ಪೈಪಿನ್ಯಾಗ ಬರ್ತಿದ್ದ ಗ್ಯಾಸ್ ಕಡಿಮಿ ಆಗಕೋತ ಹೋತು. ಅವರಿಗೆ ಚಳಿಗಾಲದಾಗ ಮನಿ ಬೆಚ್ಚಗಿಡಾಕ ಗ್ಯಾಸ್ ಬೇಕ ಬೇಕು. ಅವರ ಹಂತ್ಯಾಕ ರೊಕ್ಕ ಇತ್ತು. ಜರ್ಮನಿಗೆ ಅಲ್ಲೀತನಕ ಎಲ್‌ಎನ್‌ಜಿ ಇಳಸೂ ಬಂದರ ಇರಲಿಲ್ಲ. ಡಿಸೆಂಬರಿನ್ಯಾಗ ವಿಲ್ಹೆಲ್ಮ್ಸ್‌ಹಾಫೆನ್ ಅನ್ನೂ ಊರಾಗ ತೇಲೂ ಟರ್ಮಿನಲ್ ಉದ್ಘಾಟನೆ ಮಾಡಿದ್ರು, ವರ್ಷ ತುಂಬೂದರೊಳಗ. ಏಷ್ಯಾದ ಸ್ಪಾಟ್ ದರ ಆ ಮಾರ್ಚಿನ್ಯಾಗ ಒಂದ ದಿನ 80 ಡಾಲರ್ ದಾಟಿತ್ತು. ಎರಡು ವರ್ಷದ ಹಿಂದ 2 ಡಾಲರ್ ಇದ್ದದ್ದು, ನೆನಪಿರಲಿ.

ಈ ಡಾಲರ್ ಲೆಕ್ಕ ಒಂದ "ಎಂಎಂಬಿಟಿಯು"ಗೆ. ಹೆಸರಿಗೆ ಹೆದರಬ್ಯಾಡ್ರಿ. ಅದು ಶಾಖದ ಅಳತಿ, ನಮ್ಮ ಭಾಷೆದಾಗ ಸುಮಾರು 20 ಕೆ.ಜಿ. ಸಿಎನ್‌ಜಿ. ಡಾಲರಿಗೆ 85 ರೂಪಾಯಿ ಹಿಡೀರಿ. ಗ್ಯಾಸ್ 10 ಡಾಲರ್ ಇದ್ರ ಕೆ.ಜಿ.ಗೆ ಸುಮಾರು 42 ರೂಪಾಯಿ ಬರೇ ಮಾಲಿನ ಖರ್ಚು. 80 ಡಾಲರ್ ಆದ್ರ 340 ರೂಪಾಯಿ. ಆಟೋ ನಿಲ್ಲಿಸಿ ಕುದುರಿ ಕಟ್ಟಬೇಕು.

[ದೃಶ್ಯ: ಪರದೆಯ ಮೇಲೆ ಲೆಕ್ಕ. ಬಂಕಿನ ಶಬ್ದ ಹಿನ್ನೆಲೆಯಲ್ಲಿ.]

ಹಂಗಾದ್ರ ಬಂಕಿನ್ಯಾಗ 340 ಯಾಕ ಆಗಲಿಲ್ಲ? ಎರಡು ಕಾರಣ. ಒಂದು, ಸಿಎನ್‌ಜಿ ಮತ್ತ ಮನಿ ಪೈಪಿನ ಗ್ಯಾಸಿಗೆ ಸರಕಾರ ನಮ್ಮ ದೇಶದ ಬಾವಿಗಳ ಸೋವಿ ಗ್ಯಾಸ್ ಮೊದಲು ಕೊಡತೈತಿ. 2023ರ ಏಪ್ರಿಲ್‌ನಿಂದ ಅದರ ದರಕ್ಕ ಮಿತಿನೂ ಹಾಕ್ಯಾರ. ಆದ್ರ ಬಾವಿ ಹಳೇವು, ಗಿರಾಕಿ ಹೆಚ್ಚು. 2024ರ ಅಕ್ಟೋಬರ್, ನವೆಂಬರಿನ್ಯಾಗ ಆ ಪಾಲನ್ನ ಕಡಿತ ಮಾಡಿದ್ರು. ಕಡಿಮಿ ಬಿದ್ದದ್ದನ್ನ ತುಟ್ಟಿ ಗ್ಯಾಸಿಂದ ತುಂಬಬೇಕು. ಕಾಕಾರ ಕಿಸೆಗೆ ಹಡಗ ಬಂದು ಬಡಿಯೂದು ಇಲ್ಲೆ.

ಎರಡನೇದು ಆ ಹಳೇ ಮದವಿ. ಕತಾರಿನವ್ರು 2022ರಾಗೂ ಒಪ್ಪಂದದ ದರಕ್ಕ ಹಡಗ ಕಳಿಸಿದ್ರು. ಆದ್ರ ರಷ್ಯಾದ ಗ್ಯಾಸ್ ಕಂಪನಿ ಗಾಜ್‌ಪ್ರೋಮಿನ ಸಿಂಗಾಪುರ ಶಾಖೆಯಿಂದ ಗೇಲ್‌ಗೆ ಬರಬೇಕಾಗಿದ್ದ ಹಡಗಗೋಳು ಬರಲಿಲ್ಲ. ಆ ಶಾಖೆಯ ಮಾಲಕ ಕಂಪನಿ ಜರ್ಮನಿದಾಗಿತ್ತು, ಅದನ್ನ ಅಲ್ಲಿ ಸರಕಾರ ವಶಕ್ಕ ತಗೊಂಡಿತ್ತು. ನಾವು ಒಬ್ಬರ ಕೂಡ ಬರಕೊಂಡಿದ್ದು ಇನ್ನೊಬ್ಬರ ಚಳಿಗೆ ಹೋತು. ಆದ್ರೂ ನಮ್ಮವ್ರು ಕಲತದ್ದು ದೀರ್ಘ ಒಪ್ಪಂದ ಬಿಡಬಾರದು ಅಂತ. 2024ರ ಫೆಬ್ರುವರಿಯಾಗ ಪೆಟ್ರೋನೆಟ್ ಕತಾರಿನ ಒಪ್ಪಂದವನ್ನ, ವರ್ಷಕ್ಕ 75 ಲಕ್ಷ ಟನ್, 2048ರ ತನಕ ಮುಂದುವರಿಸ್ತು.

ನನಗ ಈ ಕಥಿಯೊಳಗ ಎಲ್ಲಾದಕ್ಕಿಂತ ಕುತೂಹಲ ಪಾಕಿಸ್ತಾನದ್ದು.

[ದೃಶ್ಯ: ಮನೆಗಳ ಮಾಳಿಗೆ ಮೇಲೆ ಸೌರ ಫಲಕಗಳು.]

2022ರ ಜುಲೈಯಾಗ ಪಾಕಿಸ್ತಾನ ಎಲ್‌ಎನ್‌ಜಿಗೆ ಟೆಂಡರ್ ಕರೀತು. ಒಬ್ಬನೂ ಬರಲಿಲ್ಲ. ದುಡ್ಡೇ ದೊಡ್ಡಪ್ಪ, ಎಲ್ಲಾ ಹಡಗ ಯುರೋಪಿನ ಕಡೆ. ಬಾಂಗ್ಲಾದೇಶ ಸ್ಪಾಟ್ ಖರೀದಿನ ಬಿಟ್ಟು ಕುಂತಿತ್ತು. ತಾಸುಗಟ್ಟಲೆ ಕರೆಂಟ್ ಇಲ್ಲ. ಜನ ಏನ್ ಮಾಡಿದ್ರು? ಪಾಕಿಸ್ತಾನದವ್ರು ಚೀನಾದ ಸೋವಿ ಸೋಲಾರ್ ಫಲಕ ತಂದು ಮಾಳಿಗಿ ತುಂಬಿಸಿದ್ರು. 2024 ಒಂದ ವರ್ಷದಾಗ ಅಲ್ಲಿಗೆ ಸುಮಾರು 17 ಗಿಗಾವ್ಯಾಟ್ ಫಲಕ ಹೋಗ್ಯಾವ. ಸರಕಾರದ ದೊಡ್ಡ ಯೋಜನೆ ಅಲ್ಲ, ಮಂದಿ ತಮ್ಮ ರೊಕ್ಕದಾಗ ಮಾಡಿದ್ದು. ಪರಿಣಾಮ? ಮುಂದ ಪಾಕಿಸ್ತಾನಕ್ಕ ಬೇಕಾದದ್ದಕಿಂತ ಗ್ಯಾಸ್ ಹೆಚ್ಚಾತು. ಕತಾರಿನವರಿಗೆ "ಈಗ ಹಡಗ ಬ್ಯಾಡ, ಮುಂದೂಡ್ರಿ" ಅಂದ್ರು.

ಮಾರವ್ರು ಅವತ್ತು ಲಾಭ ಮಾಡಿದ್ರು, ಗಿರಾಕಿ ಕಳಕೊಂಡ್ರು. ಈ ಉದ್ಯಮಕ್ಕ ಇದಕಿಂತ ದೊಡ್ಡ ಸವಾಲು ಇನ್ನೊಂದಿಲ್ಲ ಅನ್ನೂದು ನನ್ನ ಅಭಿಪ್ರಾಯ. ಯಾಕಂದ್ರ ಇವತ್ತ ಕಟ್ಟಾಕ ಹತ್ತಿದ ಗ್ಯಾಸ್ ತಂಪು ಮಾಡೂ ಕಾರಖಾನೆಗೋಳೆಲ್ಲಾ "ಏಷ್ಯಾದವ್ರು ತಗೋತಾರ" ಅನ್ನೂ ಭರೋಸಾದ ಮ್ಯಾಲೆ ನಿಂತಾವ. ಕತಾರ್ ವರ್ಷಕ್ಕ 7.7 ಕೋಟಿ ಟನ್ ಇದ್ದದ್ದನ್ನ 14.2 ಕೋಟಿ ಮಾಡ್ತೀನಿ ಅಂದೈತಿ. ಅಮೆರಿಕದಾಗ ಒಂದರ ಬೆನ್ನಿಗೊಂದು. ಕೆನಡಾದ ಪಶ್ಚಿಮ ಕರಾವಳಿಯಿಂದ 2025ರಾಗ ಮೊದಲನೇ ಹಡಗ ಹೊಂಟೈತಿ. ಇಡೀ ಜಗತ್ತಿನ ವ್ಯಾಪಾರ ವರ್ಷಕ್ಕ 40 ಕೋಟಿ ಟನ್ನಿನ ಆಸುಪಾಸು ಅನ್ನೂದನ್ನ ತಲಿಯಾಗ ಇಟಕೊಂಡು ನೋಡ್ರಿ, ಇದೆಷ್ಟ ದೊಡ್ಡದು ಅಂತ.

ನಮ್ಮ ಕಡೆನೂ ನೋಡ್ರಿ. ಗದಗಿನ ಕಪ್ಪತಗುಡ್ಡದ ಕಡೆ ಹೋದ್ರ ಗಾಳಿಯಂತ್ರ ತಿರಗತಾವ. ದೇಶದಾಗ ಗ್ಯಾಸಿನಿಂದ ಕರೆಂಟ್ ಮಾಡೂ ಸ್ಥಾವರ ಸುಮಾರು 20,000 ಮೆಗಾವ್ಯಾಟ್ ಅದಾವ, ಹೆಚ್ಚಿನವು ವರ್ಷದ ಬಹುಪಾಲು ಸುಮ್ಮನ ಕುಂತಿರ್ತಾವ. ಗ್ಯಾಸ್ ತುಟ್ಟಿ, ಗಾಳಿ ಪುಕ್ಕಟೆ. 2030ಕ್ಕ ದೇಶದ ಇಂಧನದಾಗ ಗ್ಯಾಸಿನ ಪಾಲು ಶೇ. 15 ಮಾಡ್ತೀವಿ ಅಂತ ಸರಕಾರ ಹೇಳೈತಿ. ಈಗ ಇರೂದು ಅದರ ಅರ್ಧದ ಆಸುಪಾಸು. ದರ ಹಿಂಗ ಜಿಗದಾಡಿದ್ರ ಆ ಗುರಿ ಮುಟ್ಟೂದು ಕಷ್ಟ ಐತಿ.

ದಾರಿನೂ ಸರಳ ಇಲ್ಲ. ಕತಾರಿನ ಹಡಗ ಹೊರ್ಮುಜ್ ಜಲಸಂಧಿ ದಾಟಬೇಕು. ಜಗತ್ತಿನ ಎಲ್‌ಎನ್‌ಜಿಯೊಳಗ ಸುಮಾರು ಐದರಾಗ ಒಂದು ಪಾಲಿನ ಹಾದಿ ಅದು. ಅಲ್ಲೆ ಏನರ ಆತಂದ್ರ ಎಲ್ಲಾ ಲೆಕ್ಕ ತಲಿಕೆಳಗ. ಕೆಂಪು ಸಮುದ್ರದಾಗ ಹಡಗಗೋಳ ಮ್ಯಾಲೆ ದಾಳಿ ಶುರು ಆದ ಮ್ಯಾಲೆ, 2024ರಾಗ, ಎಷ್ಟೋ ಹಡಗ ಇಡೀ ಆಫ್ರಿಕಾ ಸುತ್ತಿ ಹೋದ್ವು. ಮೊಜಾಂಬಿಕ್‌ನ್ಯಾಗ ನಮ್ಮ ಸರಕಾರಿ ಕಂಪನಿಗೋಳು ಶೇ. 30 ಪಾಲು ಹಾಕ್ಯಾರ. 2021ರಾಗ ಅಲ್ಲಿ ಉಗ್ರರು ಪಾಲ್ಮಾ ಊರಿನ ಮ್ಯಾಲೆ ಬಿದ್ದು ಕೆಲಸ ವರ್ಷಗಟ್ಟಲೆ ನಿಂತು ಹೋತು.

"ಸ್ವಚ್ಛ ಇಂಧನ" ಅನ್ನೂ ಮಾತೂ ಅರ್ಧ ಖರೆ. ಉರದಾಗ ಕಲ್ಲಿದ್ದಲಿಗಿಂತ ಹೊಗಿ ಭಾಳ ಕಡಿಮಿ. ಆದ್ರ ಉರಿಯದ ಸೋರಿದ ಮೀಥೇನ್ 20 ವರ್ಷದ ಲೆಕ್ಕದಾಗ ಇಂಗಾಲದ ಡೈಆಕ್ಸೈಡಿಗಿಂತ 80 ಪಟ್ಟು ಭೂಮಿ ಕಾಸತೈತಿ. ಬಾವಿ, ಪೈಪು, ಹಡಗ, ಎಲ್ಲಿ ಎಷ್ಟು ಸೋರತೈತಿ ಅನ್ನೂದನ್ನ ಈಗ ಉಪಗ್ರಹ ಹಿಡೀತಾವ, ಕಂಪನಿಗೋಳಿಗೆ ಮುಚ್ಚಿಡೂದು ಕಷ್ಟ ಆಗೈತಿ.

[ದೃಶ್ಯ: ಗೊಬ್ಬರದ ಅಂಗಡಿ ಮುಂದಿನ ಪಾಳಿ. ಯೂರಿಯಾ ಚೀಲ.]

"ನನ್ನ ಹಂತ್ಯಾಕ ಆಟೋ ಇಲ್ಲ, ನನಗ್ಯಾಕ ಇದು" ಅನ್ನೂ ರೈತರಿಗೆ ಒಂದ ಮಾತು. ಗೋವಿನಜೋಳಕ್ಕ ಹಾಕೂ ಯೂರಿಯಾ ಹುಟ್ಟೂದ ಇದಾ ಮೀಥೇನಿಂದ. ಮೊದಲು ಅಮೋನಿಯಾ, ಆಮ್ಯಾಲೆ ಯೂರಿಯಾ. ಮಂಗಳೂರಿನ ಎಂಸಿಎಫ್ ಗೊಬ್ಬರ ಕಾರಖಾನೆ ಎಷ್ಟೋ ವರ್ಷ ಕಚ್ಚಾ ತೈಲದಿಂದ ತಗಿಯೂ ನಾಫ್ತಾದ ಮ್ಯಾಲೆ ನಡೀತಿತ್ತು. ಕೊಚ್ಚಿಯಿಂದ ಪೈಪ್‌ಲೈನ್ ಬಂದ ಮ್ಯಾಲೆ ಗ್ಯಾಸಿಗೆ ಬದಲಾತು. ಆ ಗ್ಯಾಸ್ ಕೊಚ್ಚಿಗೆ ಬರೂದೂ ಹಡಗಿನ್ಯಾಗ. ಬೇವು ಲೇಪನ, ತೆರಿಗಿ ಬಿಟ್ಟು 45 ಕೆ.ಜಿ. ಚೀಲಕ್ಕ 242 ರೂಪಾಯಿ ಅಂತ ದರ ಗಟ್ಟಿ ಐತಿ, ಅದಕ್ಕ ನಿಮಗ ಹಡಗಿನ ಏರಿಳಿತ ಕಾಣೂದಿಲ್ಲ. ಕಾಣೂದು ಸಬ್ಸಿಡಿ ಲೆಕ್ಕದಾಗ, ಇಲ್ಲಾ ಮುಂಗಾರಿನ ಈ ಪಾಳಿಯೊಳಗ.

[ದೃಶ್ಯ: ಮತ್ತೆ ಬಂಕ್. ಆಟೋ ಮುಂದೆ ಸರಿಯುತ್ತದೆ.]

ಇಷ್ಟೆಲ್ಲಾ ಕಾಕಾಗ ಹೇಳಿದೆ. ಅವರು ಒಂದ ಮಾತಿನ್ಯಾಗ ಕೇಳಿದ್ರು. "ಅಷ್ಟ ಹೊಸ ಕಾರಖಾನೆ ಬರಾಕತ್ತಾವಂದ್ರ ಸೋವಿ ಆಗಬೇಕಲ್ಲೋ?"

ಸಗಟು ದರ ಇಳೀಬಹುದ್ರೀ ಕಾಕಾ. ಆದ್ರ ನಿಮ್ಮ ಕೆ.ಜಿ.ಯೊಳಗ ಪೈಪಿನ ಬಾಡಿಗಿ ಐತಿ, ಒತ್ತೂ ಯಂತ್ರದ ಕರೆಂಟ್ ಐತಿ, ಡಾಲರಿನ ಆಟ ಐತಿ, ತೆರಿಗಿ ಐತಿ. ನೈಸರ್ಗಿಕ ಅನಿಲ ಇನ್ನೂ ಜಿಎಸ್‌ಟಿಯೊಳಗ ಬಂದಿಲ್ಲ, ಒಂದೊಂದು ರಾಜ್ಯದಾಗ ಒಂದೊಂದು ವ್ಯಾಟ್. ಹಂಗಾಗಿ ಕತಾರದಾಗ ಒಂದ ಡಾಲರ್ ಇಳದ್ರ ಇಲ್ಲೆ ಎಷ್ಟ ಇಳೀತೈತಿ ಅಂತ ನೀವ ಲೆಕ್ಕ ಹಿಡಿಯಬೇಕು.

ಅದಕ್ಕ ಒಂದ ಕೆಲಸ ಮಾಡೋಣ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ, ರಾಣೆಬೆನ್ನೂರು, ನೀವು ಎಲ್ಲೇ ಇರ್ರಿ, ಇವತ್ತು ನಿಮ್ಮ ಬಂಕಿನ್ಯಾಗ ಕೆ.ಜಿ.ಗೆ ಎಷ್ಟೈತಿ ಅಂತ ಕೆಳಗ ಬರೀರಿ, ತಾರೀಖು ಹಾಕಿ. ಆರು ತಿಂಗಳು ಬಿಟ್ಟು ಮತ್ತ ಕೇಳ್ತೀನಿ. ಎರಡನ್ನೂ ಹಡಗಿನ ದರದ ಬಾಜೂಕ ಇಟ್ಟು ತೋರಸ್ತೀನಿ. ಕಾಕಾರ ನೋಟಬುಕ್ಕಿನ್ಯಾಗ 2022ರಿಂದ ಬರದಿಟ್ಟಿದ್ದು ಐತಂತ. ಅದನ್ನೂ ಇಸ್ಕೊಂಡ ಬರ್ತೀನಿ.