ಮತದ ಸಲಹೆ ಕೊಟ್ಟರೆ ಗ್ರಾಹಕರಿಗೆ ಮೋಸವೇ?

ಎಲ್ಲರಿಗೂ ನಮಸ್ಕಾರ.

ಕಂಪನಿಯ ವಾರ್ಷಿಕ ಸಭೆಯಲ್ಲಿ ಷೇರುದಾರರು ಮತ ಹಾಕುತ್ತಾರೆ. ನಿರ್ದೇಶಕರು ಯಾರಾಗಬೇಕು, ಸಿಇಒ ಸಂಬಳ ಎಷ್ಟಿರಬೇಕು, ಇಂಗಾಲದ ಹೊಗೆ ತಗ್ಗಿಸಬೇಕಾ, ಇದೆಲ್ಲ ಅಲ್ಲಿ ಮತಕ್ಕೆ ಬರುತ್ತದೆ. ಅಮೆರಿಕದ ದೊಡ್ಡ ಪಿಂಚಣಿ ನಿಧಿಯೊಂದರ ಬಳಿ ಸಾವಿರಾರು ಕಂಪನಿಗಳ ಷೇರು ಇರುತ್ತವೆ. ಸಭೆಗಳು ಹೆಚ್ಚಿನವು ಏಪ್ರಿಲ್‌ನಿಂದ ಜೂನ್ ಒಳಗೇ ನಡೆದುಹೋಗುತ್ತವೆ. ಅಷ್ಟು ಕಾಗದವನ್ನು ಕೂತು ಓದೋರು ಯಾರು? ಹಾಗಾಗಿ ಓದಿ ಸಲಹೆ ಕೊಡುವ ಸಂಸ್ಥೆಗಳು ಹುಟ್ಟಿದವು. ಐಎಸ್‌ಎಸ್ (ಇನ್‌ಸ್ಟಿಟ್ಯೂಷನಲ್ ಶೇರ್‌ಹೋಲ್ಡರ್ ಸರ್ವಿಸಸ್) 1985ರಲ್ಲಿ ಶುರುವಾಯಿತು, ಗ್ಲಾಸ್ ಲೂಯಿಸ್ 2003ರಲ್ಲಿ. ಅಲ್ಲಿನ ಈ ವ್ಯವಹಾರ ಬಹುಪಾಲು ಇವೆರಡರ ಕೈಯಲ್ಲೇ ಇದೆ.

ಈ ಸಲಹೆಗೆ ತೂಕ ಇದೆ. 2021ರಲ್ಲಿ ಎಂಜಿನ್ ನಂ. 1 ಅನ್ನೋ ಪುಟ್ಟ ಹೂಡಿಕೆ ಸಂಸ್ಥೆ ಟೆಕ್ಸಾಸ್‌ನ ತೈಲ ದೈತ್ಯ ಎಕ್ಸಾನ್ ಮೊಬಿಲ್ ವಿರುದ್ಧ ನಿಂತು, ನಿರ್ದೇಶಕರ ಸ್ಥಾನಕ್ಕೆ ತನ್ನದೇ ಅಭ್ಯರ್ಥಿಗಳನ್ನು ಹಾಕಿತು. ಎಕ್ಸಾನ್‌ನಲ್ಲಿ ಅದರ ಬಳಿ ಇದ್ದ ಷೇರು ಶೇ. 0.02ರಷ್ಟು. ಎರಡೂ ಸಲಹಾ ಸಂಸ್ಥೆಗಳು ಅದರ ಕೆಲವು ಅಭ್ಯರ್ಥಿಗಳ ಪರ ನಿಂತವು. ಮೂವರು ನಿರ್ದೇಶಕರಾಗಿ ಗೆದ್ದರು.

2025ರಲ್ಲಿ ಟೆಕ್ಸಾಸ್ ಒಂದು ಕಾನೂನು ತಂದಿತು. ಪರಿಸರ, ವೈವಿಧ್ಯದಂಥ ವಿಷಯ ಲೆಕ್ಕಕ್ಕೆ ತೆಗೆದುಕೊಂಡು ಸಲಹೆ ಕೊಟ್ಟರೆ, 'ಇದು ಕೇವಲ ಷೇರುದಾರರ ಹಣದ ಹಿತಕ್ಕಾಗಿ ಕೊಟ್ಟದ್ದಲ್ಲ' ಎಂದು ಎದ್ದು ಕಾಣುವಂತೆ ಬರೆಯಬೇಕು. ಬರೆಯದಿದ್ದರೆ ಅದು ಗ್ರಾಹಕರಿಗೆ ಮಾಡಿದ ಮೋಸ. ಕಲಬೆರಕೆ ಎಣ್ಣೆ ಮಾರುವವರ ಮೇಲೆ ಹಾಕುವಂಥ ಕೇಸು, ಅಭಿಪ್ರಾಯ ಮಾರುವವರ ಮೇಲೆ! ಎರಡೂ ಸಂಸ್ಥೆಗಳು ಕೋರ್ಟಿಗೆ ಹೋದವು. ಇದು ವಾಕ್ ಸ್ವಾತಂತ್ರ್ಯಕ್ಕೆ ಪೆಟ್ಟು ಎಂದು ವಾದಿಸಿದವು. ಆಗಸ್ಟ್ ಕೊನೆಯಲ್ಲಿ ಫೆಡರಲ್ ನ್ಯಾಯಾಧೀಶರು ಅವುಗಳ ಮಟ್ಟಿಗೆ ಕಾನೂನಿಗೆ ತಾತ್ಕಾಲಿಕ ತಡೆ ಕೊಟ್ಟರು. ನವೆಂಬರ್‌ನಲ್ಲಿ ಫ್ಲೋರಿಡಾದ ಅಟಾರ್ನಿ ಜನರಲ್ (ರಾಜ್ಯದ ಮುಖ್ಯ ಕಾನೂನು ಅಧಿಕಾರಿ) ತಮ್ಮ ರಾಜ್ಯದ ಗ್ರಾಹಕ ರಕ್ಷಣಾ ಕಾನೂನಿನಡಿ ಇದೇ ಎರಡು ಸಂಸ್ಥೆಗಳ ಮೇಲೆ ದಾವೆ ಹೂಡಿದರು. ಒಕ್ಕೂಟ ಕಟ್ಟಿಕೊಂಡು ಪೈಪೋಟಿ ಹಾಳುಮಾಡಿದ ಆರೋಪವೂ ಅದರಲ್ಲಿದೆ.

ಇಲ್ಲಿ ಗ್ರಾಹಕ ಯಾರು, ಸ್ವಲ್ಪ ನೋಡಿ. ಸಲಹೆ ಕೊಳ್ಳೋದು ದೊಡ್ಡ ನಿಧಿಗಳು. ಏನು ಬೇಕು ಅಂತ ಅವರೇ ಆರಿಸುತ್ತಾರೆ. ಐಎಸ್‌ಎಸ್ ಬಳಿ ಹವಾಮಾನಕ್ಕೊಂದು ನೀತಿ ಇದೆ, ಸುಸ್ಥಿರತೆಗೊಂದು, ಕ್ಯಾಥೊಲಿಕ್ ಹೂಡಿಕೆದಾರರಿಗೊಂದು. ಒಂದೇ ಕಂಪನಿಯ ಒಂದೇ ನಿರ್ಣಯಕ್ಕೆ ಒಬ್ಬರಿಗೆ 'ಹೌದು', ಇನ್ನೊಬ್ಬರಿಗೆ 'ಬೇಡ' ಅನ್ನುವ ಸಲಹೆ ಹೋಗಬಹುದು. ಕೇಳಿ ಪಡೆದದ್ದು ಮೋಸ ಹೇಗಾಗುತ್ತೆ? ಅದೂ ಅಲ್ಲದೆ, ಪ್ರವಾಹ, ಬರ, ಕಾಡ್ಗಿಚ್ಚು ಬಂದಾಗ ಕಂಪನಿಗೆ ಆಗೋ ನಷ್ಟ ಹಣದ್ದೇ ಅಲ್ವಾ? ಹವಾಮಾನವನ್ನು ಹಣದಿಂದ ಬೇರೆ ಮಾಡಿ ಗೆರೆ ಎಳೆಯೋದನ್ನು ನಾನಂತೂ ಒಪ್ಪುವುದಿಲ್ಲ.

ಹಾಗಂತ ಈ ಸಂಸ್ಥೆಗಳನ್ನು ಸುಮ್ನೆ ಬಿಡಬೇಕು ಅಂತಲ್ಲ. ಐಎಸ್‌ಎಸ್ ಒಂದು ಕಡೆ ಹೂಡಿಕೆದಾರರಿಗೆ ಸಲಹೆ ಮಾರುತ್ತೆ. ಅದರದೇ ಇನ್ನೊಂದು ವಿಭಾಗ ಕಂಪನಿಗಳಿಗೂ ಆಡಳಿತದ ಬಗ್ಗೆ ಸಲಹೆ ಮಾರುತ್ತೆ. ಪ್ರಶ್ನೆ ಕೇಳಬೇಕಾದ ಜಾಗ ಅದು. ಸಲಹೆ ಬಂದ ಕೂಡಲೇ ಓದದೆ ಮತ ಒತ್ತಿಬಿಡುವ ನಿಧಿಗಳನ್ನೂ ಕೇಳಬೇಕು. ಗ್ಲಾಸ್ ಲೂಯಿಸ್ ಅಂತೂ ಎಲ್ಲರಿಗೂ ಒಂದೇ ಶಿಫಾರಸು ಕೊಡೋದನ್ನು 2027ರಲ್ಲಿ ನಿಲ್ಲಿಸುವುದಾಗಿ ಹೇಳಿದೆ.

ನಮ್ಮಲ್ಲೂ ಇಂಥ ಸಂಸ್ಥೆಗಳಿವೆ. ಇನ್‌ಗವರ್ನ್ ನಮ್ಮ ಬೆಂಗಳೂರಿನದೇ. ಇವು ಷೇರುಪೇಟೆ ನಿಯಂತ್ರಕ ಸೆಬಿಯಲ್ಲಿ ನೋಂದಣಿ ಮಾಡಿಸಬೇಕು. ಮ್ಯೂಚುವಲ್ ಫಂಡ್‌ಗಳು ಮತ ಹಾಕಲೇಬೇಕು, ಹೇಗೆ ಹಾಕಿದೆವು, ಯಾಕೆ ಅಂತ ತಮ್ಮ ವೆಬ್‌ಸೈಟ್‌ನಲ್ಲಿ ಪ್ರಕಟಿಸಲೂಬೇಕು. ನಿಮ್ಮ ಎಸ್‌ಐಪಿ (ಕಂತಿನ ಹೂಡಿಕೆ) ದುಡ್ಡು ಹೋಗುವ ಫಂಡ್‌ನ ಆ ಪಟ್ಟಿ ತೆರೆದು, ಕಾರಣದ ಕಾಲಂನಲ್ಲಿ ಏನು ಬರೆದಿದ್ದಾರೆ ಅಂತ ಒಮ್ಮೆ ಓದಿ.